ಬಾಟಲಿ ಊದಲು ಬದಲಿ ಆಳು

ಗುರುಮಲ್ಲಪ್ಪನಿಗೆ ಆಶೀರ್ವಾದ.

ನಿನ್ನ ಉರುಳುಸೇವೆಯ ಹರಕೆಯನ್ನು ನಾನೇ ತೀರಿಸಲು ಮೊದಲ ಬಸ್ಸಿಗೆ ಮಹದೇಶ್ವರ ಬೆಟ್ಟಕ್ಕೆ ಹೊರಟಿದ್ದೇನೆ. ಗಂಜಿ ಒಲೆಯ ಮೇಲಿದೆ, ಆರಿಸಿಕೊಂಡು ಕುಡಿ. ಸೊಸೆ ನಿನ್ನ ಸುಟ್ಟ ಕೈಗೆ ಮುಲಾಮು ಹಚ್ಚುವಾಗ ರೇಗಬೇಡ.

ಆಲೆಮನೆಯ ಬೆಂಕಿಯಲ್ಲಿ ಹೊಗೆ ಕುಡಿದ ಎದೆ ಬಲವಾಗಲಿ ಎಂದು ಡಾಕ್ಟರು ನೀರಿನ ಬಾಟಲಿಗೆ ಕೊಳವೆ ಇಟ್ಟು ದಿನವೂ ಊದಲು ಹೇಳಿದರು. ನಿನ್ನೆ ನಿನ್ನ ಕೋಣೆಯಿಂದ ಗುಳುಗುಳು ಸದ್ದು ಜೋರಾಗಿ ಕೇಳಿ, ಖುಷಿಯಾಗಿ ಇಣುಕಿದೆ. ಊದುತ್ತಿದ್ದವನು ಓಲಗದ ಮಾದಯ್ಯ! ನೀನು ಪಕ್ಕದಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದೆ. ಕೇಳಿದರೆ, "ಉರುಳುಸೇವೆಯ ನನ್ ಬದ್ಲು ನೀವ್ ಮಾಡ್ಬೋದು, ಇದ್ನ ಇವ ಮಾಡುದ್ರೆ ಆಗಕಿಲ್ವಾ ಅಪ್ಪಾ?" ಎನ್ನುತ್ತೀಯಲ್ಲ!

ಆಗುವುದಿಲ್ಲ. ಮಾದಯ್ಯನ ಉಸಿರು ಈಗಲೇ ಮೂರು ಮದುವೆಗೆ ಸಾಲುವಷ್ಟಿದೆ. ಬೆಟ್ಟದ ಮೇಲಿನ ಮಾದಪ್ಪ ಬದಲಿ ಆಳನ್ನು ಒಪ್ಪಿಯಾನು, ಎದೆಗೂಡು ಒಪ್ಪುವುದಿಲ್ಲ.

ನಿಮ್ಮವ್ವ ಅದೇ ಹೊಗೆಯಲ್ಲಿ ಹೋದಳು. ಇನ್ನೊಬ್ಬರನ್ನು ಕಳುಹಿಸಿಕೊಡುವ ಶಕ್ತಿ ನನಗಿಲ್ಲ. ನೋವಾದರೂ ಊದು, ಮಗನೇ. ಸುಸ್ತಾದರೆ ಸ್ವಲ್ಪ ಕೂತು, ಮತ್ತೆ ಊದು.

ಮಾದಯ್ಯ ಬರುತ್ತಾನೆಂದು ಬಾಗಿಲು ನೋಡುತ್ತ ಕೂರಬೇಡ. ಅವನ ಬಸ್ ಚಾರ್ಜು ನಾನೇ ಕೊಟ್ಟು ಜೊತೆಗೆ ಕರೆದುಕೊಂಡು ಹೊರಟಿದ್ದೇನೆ.

— ಅಪ್ಪ