ನಾನು ಅನುವಾದಿಸದ ಉತ್ತರ

ಸ್ಟುಟ್‌ಗಾರ್ಟ್
೯ ನವೆಂಬರ್ ೨೦೨೪

ಪ್ರೀತಿಯ ಚೇತನಣ್ಣಾ,

ನಿನಗೂ ವೈನಿಗೂ ನಮಸ್ಕಾರ. ಯುಗಾದಿಗೆ ನೀನು ಬರೆದ ಪತ್ರಕ್ಕೆ ದೀಪಾವಳಿ ಮುಗಿದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಕೆಲಸ ಇತ್ತು ಎಂದರೆ ಸುಳ್ಳಾಗುತ್ತದೆ. ಎಷ್ಟೋ ಸಲ ಎರಡು ಸಾಲು ಬರೆದು ಎದ್ದುಬಿಟ್ಟೆ. ಬೈಯಬೇಡ.

ಇಲ್ಲಿ ಎಲ್ಲರೂ ಆರಾಮ. ಶೈಲೇಶರ ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದಾರೆ, ಇವರ ವಿಭಾಗಕ್ಕೆ ಇನ್ನೂ ಬಿಸಿ ತಟ್ಟಿಲ್ಲ. ಕೀರ್ತಿ ನನಗಿಂತ ಎರಡು ಬೆರಳು ಎತ್ತರವಾಗಿದ್ದಾಳೆ. ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲೇ ಉತ್ತರ.

ಜೂನ್‌ನಲ್ಲಿ ನಡೆದದ್ದೊಂದನ್ನು ನಿನಗೆ ಹೇಳಬೇಕು. ನಾನು ಜಪಾನಿ ಮಾತನ್ನು ಜರ್ಮನ್‌ಗೆ ಮಾಡುವ ದುಭಾಷಿ ಎಂಬುದು ನಿನಗೆ ಗೊತ್ತೇ ಇದೆ. ಇಲ್ಲಿನ ಒಂದು ಸಂಘದವರು ಜಪಾನಿನ ಮಾಜಿ ರಕ್ಷಣಾ ಮಂತ್ರಿಯೊಬ್ಬರನ್ನು ಉಪನ್ಯಾಸಕ್ಕೆ ಕರೆಸಿದ್ದರು. ಹೆಸರು ಹಯಾಶಿದಾ ನೊಬುಒ. ಎಪ್ಪತ್ತೊಂಬತ್ತು ವರ್ಷ, ತೆಳ್ಳಗೆ ಕೋಲಿನ ಹಾಗಿದ್ದರು. ಮೂರು ದಿನ ಅವರ ಜೊತೆಗೇ ಇದ್ದೆ.

ಉತ್ತರದ ಒಂದು ಸಣ್ಣ ಬಂದರಿನ ಮೀನುಗಾರನ ಮಗ. ಚಿಕ್ಕವರಿದ್ದಾಗ ಯಾವುದೋ ದೇಶದ ಯುದ್ಧನೌಕೆ ಅವರ ದೋಣಿಗಳ ಪಕ್ಕಕ್ಕೇ ಬಂದಿತ್ತಂತೆ. ಅಪ್ಪ ಬಲೆ ಕತ್ತರಿಸಿ ಬಿಟ್ಟು ಓಡಿ ಬಂದರಂತೆ. "ಅಪ್ಪ ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನ ರಾಜಕೀಯವೆಲ್ಲ ಅಲ್ಲಿಂದ ಶುರುವಾಯಿತು" ಎಂದರು. ದೇಶಕ್ಕೆ ಗಟ್ಟಿ ಸೇನೆ ಬೇಕು ಎಂದು ಊರೂರು ತಿರುಗಿ ಹೇಳಿದರೆ ಜನ ಇವರನ್ನು ಯುದ್ಧದ ಹುಚ್ಚ ಎಂದು ಕರೆದರು, ಮೊಟ್ಟೆ ಎಸೆದರು. ಎರಡು ಸಲ ಸೋತು ಮೂರನೇ ಸಲ ಸಂಸತ್ತಿಗೆ ಹೋದರು. ಅರವತ್ತೊಂದನೇ ವಯಸ್ಸಿಗೆ ರಕ್ಷಣಾ ಮಂತ್ರಿ. ಆ ಕುರ್ಚಿಯಲ್ಲಿ ಕೂತದ್ದು ಹದಿನಾಲ್ಕು ತಿಂಗಳು ಮಾತ್ರ.

ಉಪನ್ಯಾಸ ಚೆನ್ನಾಗಿಯೇ ಆಯಿತು. ಸಭೆಯಲ್ಲಿ ನಲವತ್ತು ಜನ. ಜಪಾನಿ ಬಲ್ಲವರು ನಾವಿಬ್ಬರೇ. ಕೊನೆಗೆ ಒಬ್ಬ ಹುಡುಗಿ ಎದ್ದು, "ಇಷ್ಟು ವರ್ಷಗಳಲ್ಲಿ ನೀವು ವಾಪಸ್ ತೆಗೆದುಕೊಳ್ಳಬೇಕು ಅನಿಸುವ ನಿರ್ಧಾರ ಯಾವುದು?" ಎಂದು ಕೇಳಿದಳು.

ಅವರು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಹೇಳಿದರು: "ನನ್ನ ಕಾಲದಲ್ಲಿ ತರಬೇತಿಗೆ ಹೋದ ಒಂದು ಹೆಲಿಕಾಪ್ಟರ್ ಸಮುದ್ರಕ್ಕೆ ಬಿತ್ತು. ಪೈಲಟ್ ಓನೋ, ಇಪ್ಪತ್ತೇಳು ವರ್ಷ. ಅವನದೇ ತಪ್ಪು ಎಂಬ ವರದಿಯನ್ನು ಸಂಸತ್ತಿನಲ್ಲಿ ನಾನೇ ಓದಿದೆ. ಆ ವರದಿ ಸುಳ್ಳು. ಸವೆದ ಭಾಗ ಬದಲಿಸಬೇಕು ಎಂಬ ಕಡತ ನನ್ನ ಮೇಜಿಗೆ ಬಂದಿತ್ತು, ಮುಂದೂಡಿದ್ದು ನಾನು. ಆ ಹುಡುಗನ ತಾಯಿ ನನ್ನ ಪ್ರತಿ ಚುನಾವಣಾ ಸಭೆಗೂ ಬಂದು ಮೊದಲ ಸಾಲಿನಲ್ಲಿ ಕೂರುತ್ತಿದ್ದರು. ಒಂದು ದಿನವೂ ಮಾತಾಡಲಿಲ್ಲ. ಅವರ ಮಗ ತಪ್ಪು ಮಾಡಿರಲಿಲ್ಲ. ಇದನ್ನು ಇವತ್ತು ಇಷ್ಟು ಜನರ ಮುಂದೆ ಹೇಳುತ್ತಿದ್ದೇನೆ."

ಸಭೆ ನನ್ನ ಮುಖ ನೋಡುತ್ತಿತ್ತು. ವಿವಾದ ಬೇಡ ಎಂದು ಆಯೋಜಕರು ಬೆಳಿಗ್ಗೆಯೇ ಹೇಳಿದ್ದರು. ಅದಕ್ಕೆ ಹೆದರಿದೆ ಅಂತಿಟ್ಟುಕೋ. ನಾನು ಜರ್ಮನ್‌ನಲ್ಲಿ ಹೇಳಿದ್ದು ಇಷ್ಟೇ: "ನನ್ನ ಕಾಲದಲ್ಲಿ ಒಬ್ಬ ಯುವ ಪೈಲಟ್ ಅಪಘಾತದಲ್ಲಿ ತೀರಿಕೊಂಡ. ಆ ನೋವು ಇಂದಿಗೂ ಇದೆ."

ಜನ ಚಪ್ಪಾಳೆ ತಟ್ಟಿದರು. ತಪ್ಪೊಪ್ಪಿಕೊಂಡದ್ದಕ್ಕೆ ಈ ಚಪ್ಪಾಳೆ ಎಂದು ಹಯಾಶಿದಾ ತಿಳಿದರು, ಅಣ್ಣಾ. ಅವರ ಕಣ್ಣು ತುಂಬಿ ಬಂತು. ನನ್ನ ಕಡೆ ತಿರುಗಿ ಸೊಂಟದವರೆಗೆ ಬಾಗಿ, "ಕಷ್ಟದ ಮಾತನ್ನು ನನ್ನ ಪರವಾಗಿ ಹೇಳಿದಿರಿ" ಎಂದರು. ಮರುದಿನ ವಿಮಾನ ನಿಲ್ದಾಣದಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡರು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು. ಜಪಾನಿನ ಪತ್ರಿಕೆಗಳು ದೊಡ್ಡ ದೊಡ್ಡ ಲೇಖನ ಬರೆದವು. ಅಪಘಾತದ ಬಗ್ಗೆ ಇದ್ದದ್ದು ಒಂದೇ ಸಾಲು: ಪೈಲಟ್ ತಪ್ಪಿನಿಂದ ಆದ ದುರಂತವನ್ನು ಸಮರ್ಥವಾಗಿ ನಿಭಾಯಿಸಿದರು.

ಅದನ್ನು ಓದಿದ ದಿನ ಅಡುಗೆ ಒಲೆಯ ಮೇಲೆಯೇ ಹೊತ್ತಿಹೋಯಿತು. ಶೈಲೇಶ ಬಂದವರು, "ಏನಾತು? ಯಾಕ ಹಿಂಗ ಕುಂತಿ?" ಎಂದರು. ಎಲ್ಲ ಹೇಳಿದೆ. ಗ್ಯಾಸ್ ಆರಿಸಿ, ಕಿಟಕಿ ತೆಗೆದು, ನನ್ನ ಎದುರು ಕೂತರು. "ಆ ಭಾಷಣ ರೆಕಾರ್ಡ್ ಮಾಡ್ಯಾರಿಲ್ಲೋ?"

"ಮಾಡ್ಯಾರ."

"ಮತ್ತ? ಅವರ ದನಿ ಐತಲ್ಲ. ಆ ಹುಡುಗನ ತಾಯಿಗೆ ಬರದ ಕಳಸು."

"ಇನ್ನ ಮ್ಯಾಲೆ ನನಗ ಯಾರೂ ಕೆಲಸಾ ಕೊಡಂಗಿಲ್ರೀ."

"ಕೊಡದಿದ್ರ ಬಿಡು. ಆ ತಾಯಿ ಇನ್ನೂ ಇದ್ದಾಳೋ ಇಲ್ಲೋ, ಅದನ್ನ ನೋಡು ಮೊದಲ."

ಇದ್ದಾರೆ. ಎಂಬತ್ತು ದಾಟಿದೆ. ಸಂಘಕ್ಕೆ ನನ್ನ ತಪ್ಪು ಒಪ್ಪಿ ಬರೆದು ಧ್ವನಿಮುದ್ರಿಕೆ ಕೇಳಿದೆ. ಕೊಟ್ಟರು, ಇನ್ನು ಮುಂದೆ ನಿಮ್ಮನ್ನು ಕರೆಯುವುದಿಲ್ಲ ಎಂದೂ ಬರೆದರು. ಆ ಧ್ವನಿಮುದ್ರಿಕೆಯನ್ನು ಒಂದು ಪತ್ರದ ಜೊತೆ ಆ ತಾಯಿಗೆ ನಿನ್ನೆ ಅಂಚೆಗೆ ಹಾಕಿದೆ. ಅವರು ಏನೆನ್ನುತ್ತಾರೋ. ಕ್ಷಮೆ ಕೇಳಬೇಕಾದವರ ಬಾಯಿಂದ ಅವರು ಇನ್ನು ಎದುರಿಗೆ ಕೂತು ಏನನ್ನೂ ಕೇಳಲಾರರು. ಐದು ತಿಂಗಳು ನಾನು ತಡಮಾಡಿದೆ.

ವೈನಿಯ ಮೊಣಕಾಲು ಹೇಗಿದೆ, ಬರಿ. ಮಕ್ಕಳು ನೂರು ವರ್ಷ ಚೆನ್ನಾಗಿರಲಿ.

ನಿನ್ನ ತಂಗಿ,
ಶ್ರೀಲಕ್ಷ್ಮಿ

ತಾ.ಕ.: ಆಯೋಜಕರಿಗೆ ಹೆದರಿದೆ ಎಂದು ಬರೆದದ್ದು ನಿಜವಲ್ಲ. "ಆ ವರದಿ ಸುಳ್ಳು" ಎಂದು ಆ ಮುದುಕರು ಹೇಳಿದಾಗ ನನ್ನ ಕಣ್ಣೆದುರು ಬಂದವನು ನೀನು. ಹನ್ನೊಂದು ವರ್ಷದ ಹಿಂದೆ ನಿಮ್ಮ ತರಬೇತಿ ಶಾಲೆಯ ವಿಮಾನ ಬಿದ್ದು, ಮೆಕ್ಯಾನಿಕ್ ಚೇತನಕುಮಾರನ ನಿರ್ಲಕ್ಷ್ಯವೇ ಕಾರಣ ಎಂದು ವರದಿ ಬಂದು, ನಿನ್ನ ಕೆಲಸ ಹೋದ ದಿನ ನೀನು ಫೋನ್ ಮಾಡಿದ್ದೆ. "ಲಕ್ಷ್ಮೀ, ನೀ ಆದ್ರೂ ನನ್ನ ನಂಬ್ತಿಯಿಲ್ಲೋ?" ಅಂದೆ. "ಸುಮ್ಮಸುಮ್ಮನ ಯಾರರ ವರದಿ ಬರೀತಾರೇನಣ್ಣಾ?" ಅಂದೆ ನಾನು. "ಆತು ಬಿಡವಾ" ಅಂದು ನೀನು ಫೋನ್ ಇಟ್ಟೆ. ಆ ಸಭೆಯಲ್ಲಿ ಅವರ ಮಾತನ್ನು ನನ್ನ ಬಾಯಿಂದ ಹೇಳಿದ್ದರೆ, ವರದಿಯೂ ಸುಳ್ಳಿರಬಹುದು ಎಂದು ಒಪ್ಪಿ, ನಿನಗೆ ಕೊಟ್ಟ ಆ ಉತ್ತರವನ್ನು ನಾನೇ ಅಳಿಸಬೇಕಾಗುತ್ತಿತ್ತು. ನನ್ನಿಂದ ಆಗಲಿಲ್ಲ. ಆ ದಿನ ನಿಜವಾಗಿ ಏನಾಯಿತು ಎಂದು ನಾನು ನಿನ್ನನ್ನು ಇಷ್ಟು ವರ್ಷ ಒಮ್ಮೆಯೂ ಕೇಳಲಿಲ್ಲ. ಡಿಸೆಂಬರ್‌ನಲ್ಲಿ ಒಬ್ಬಳೇ ಬರುತ್ತಿದ್ದೇನೆ. ಹೇಳುತ್ತೀಯಾ, ಅಣ್ಣಾ?