ನೆಲಕ್ಕೂರಿದ ಕಾಲು

ಮಂಗಳವಾರ, ಮಾರ್ಚ್ ೧೧

ಆ ಅಜ್ಜಿಯ ಮುಖ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬೆಳಿಗ್ಗೆ ಅಂಚೆ ಹಂಚಲು ಹೊರಟಾಗ, ರಸ್ತೆ ದಾಟಲು ನಿಂತಿದ್ದರು. ಸೈಕಲ್ ನಿಧಾನಿಸಿ, ದಾಟಲಿ ಎಂದು ಬೆಲ್ ಬಾರಿಸಿದೆ. ಬೆಚ್ಚಿ ಹಿಂದೆ ಸರಿದರು. ಮತ್ತೆ ಬಾರಿಸಿದೆ, ಇನ್ನೊಂದು ಹೆಜ್ಜೆ ಹಿಂದೆ ಹೋದರು.

"ದಾಟಿ ಅಜ್ಜಿ, ನಿಮಗೋಸ್ಕರಾನೇ ನಿಂತಿದೀನಿ."

"ಎಲ್ಲಪ್ಪಾ ನಿಂತಿದೀಯ? ಎರಡೂ ಕಾಲು ಪೆಡಲ್ ಮೇಲೇ ಇವೆ. ಒಂದನ್ನ ನೆಲಕ್ಕೂರು, ಆಮೇಲೆ ನಂಬ್ತೀನಿ."

ಊರಿದೆ. ನೆಮ್ಮದಿಯಾಗಿ ದಾಟಿದರು. ಇಪ್ಪತ್ತು ವರ್ಷ ಈ ಬೆಲ್ ಬಾರಿಸುವುದನ್ನೇ ಮರ್ಯಾದೆ ಅಂದುಕೊಂಡಿದ್ದೆನಲ್ಲ, ಥೂ.

ಸಂಜೆ ಹೇಳಿದರೆ ಹೆಂಡತಿ ನಗಲಿಲ್ಲ. "ಮನೇಲೂ ನೀವು ಹಾಗೇ. ಚಪ್ಪಲಿ ಮೆಟ್ಕೊಂಡು, ಬಾಗಿಲಲ್ಲೇ ನಿಂತು 'ಹೇಗಿದೀಯ' ಅಂತೀರ."

ಈಗ ಮಲಗಿದ್ದಾಳೆ. ನಾಳೆ ಚಪ್ಪಲಿ ಕಳಚಿ, ಎದುರು ಕೂತು ಕೇಳುತ್ತೇನೆ. ಉತ್ತರ ಉದ್ದವಾಗಿಯೇ ಇರುತ್ತದೆ. ಇರಲಿ.