ಮೆನುವಿನಲ್ಲಿ ನಿಂಬವ್ವನಿಗೊಂದು ಜಾಗ

ಶೋಧನ ಶಕ ೨೧೪, ಆಷಾಢದ ಮೂವತ್ತನಾಲ್ಕು, ಮರುಗುರುವಾರ
ನಿಂಬವ್ವನ ಪುಟ, ಮುಂಡರಗಿ ಸೀಮೆ

ಮುಂಡರಗಿಯ ಬೆಣಕಲ್ ಮನೆತನದ ಸೊಸೆ, ನನ್ನ ಮುತ್ತಜ್ಜಿಗೂ ಮುತ್ತಜ್ಜಿಯಾದ ಶಿವಲೀಲವ್ವನವರಿಗೆ ಶರಣು ಶರಣಾರ್ಥಿಗಳು. ಇಲ್ಲಿ ನಾವೆಲ್ಲ ಇನ್ನು ಹನ್ನೊಂದು ದಿನದ ಮಟ್ಟಿಗೆ ಕ್ಷೇಮ.

ಮೊದಲಿಗೆ ಕ್ಷಮೆ ಕೇಳುತ್ತೇನೆ. ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ವಾರಕ್ಕೆ ಎರಡು ಗುರುವಾರ. ಹಳೆಯ ದಾಖಲೆಗಳನ್ನು ಜೋಡಿಸುವಾಗ ಗುರುವಾರದ ಎರಡು ಪ್ರತಿಗಳು ಸಿಕ್ಕವಂತೆ. ಅಸಲಿ ಯಾವುದೆಂದು ತೀರ್ಮಾನವಾಗದೆ ಎರಡನ್ನೂ ಉಳಿಸಿಕೊಂಡರು. ಎರಡನೆಯದೇ ಮರುಗುರುವಾರ. ಅಂದು ಯಾರೂ ಕೆಲಸ ಮಾಡುವುದಿಲ್ಲ, ನಿನ್ನೆಯೇ ಮಾಡಿದ್ದೇವೆ ಎಂಬ ನೆಪ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ನನ್ನ ಮಾತಿನಲ್ಲಿ ಗೊತ್ತಿಲ್ಲದ ಪದಗಳು ಬಂದರೆ ಮುದುಕನ ಗೊಣಗಾಟವೆಂದು ದಾಟಿಬಿಡಿ. ನನಗೆ ಎಪ್ಪತ್ತೊಂದು ವರ್ಷ. ಈ ಪತ್ರ ಓದುವಾಗ ನಿಮಗೆ ಮೂವತ್ತೆರಡು. ಆದರೂ ಹಿರಿಯರು ನೀವೇ, ಆದ್ದರಿಂದ ಬೈಯುವಾಗಲೂ ಬಹುವಚನದಲ್ಲೇ ಬೈಯುತ್ತೇನೆ. ಪತ್ರ ನಿಮ್ಮ ವೆಬ್‌ಸೈಟಿನ ‘ನಮ್ಮನ್ನು ಸಂಪರ್ಕಿಸಿ’ ಪೆಟ್ಟಿಗೆಯ ಮೂಲಕ ಬರುತ್ತಿದೆ. ಇಷ್ಟು ಶತಮಾನಗಳಲ್ಲಿ ಅದನ್ನು ಬಳಸುತ್ತಿರುವ ಮೊದಲಿಗ ನಾನೇ ಎಂದು ಕಾಣುತ್ತದೆ.

ನಿಮ್ಮ ಕಾಲದಲ್ಲಿ ಹುಡುಕುವ ಯಂತ್ರವೆಂದರೆ ಫೋನಿನಲ್ಲಿ ಏನಾದರೂ ಟೈಪ್ ಮಾಡಿ ಕೇಳುವ ಪೆಟ್ಟಿಗೆ. ನಮ್ಮ ಕಾಲದಲ್ಲಿ ಅದೇ ಸರಕಾರ. ಪ್ರೀತಿಗೋ ಭಯಕ್ಕೋ ನಾವದನ್ನು ಶೋಧಪ್ಪ ಎನ್ನುತ್ತೇವೆ. ಜಗತ್ತನ್ನು ಮತ್ತೆ ಕಟ್ಟಬೇಕಾಗಿ ಬಂದಾಗ ಕಟ್ಟುವವರ ಕೈಯಲ್ಲಿ ನಕ್ಷೆ ಇರಲಿಲ್ಲ, ನಿಮ್ಮ ಕಾಲದ ವೆಬ್‌ಸೈಟುಗಳ ರಾಶಿಯೊಂದೇ ಇತ್ತು. ಅದನ್ನೇ ನಕ್ಷೆ ಮಾಡಿಕೊಂಡರು. ಒಂದೊಂದು ಪುಟ ಒಂದೊಂದು ಊರಾಯಿತು, ಪುಟದಿಂದ ಪುಟಕ್ಕಿದ್ದ ಲಿಂಕು ರಸ್ತೆಯಾಯಿತು. ವರ್ಷಕ್ಕೊಮ್ಮೆ ಶೋಧಪ್ಪನ ಜೇಡಗಳು, ಅಂದರೆ ಮೊಣಕಾಲೆತ್ತರದ ಎಂಟು ಕಾಲಿನ ಅಮಲ್ದಾರರು, ಮುಖಪುಟದಿಂದ ಹೊರಟು ರಸ್ತೆ ಹಿಡಿದು ನಡೆಯುತ್ತವೆ. ಲಿಂಕು ಇದ್ದಲ್ಲಿಗೆ ಹೋಗುತ್ತವೆ, ಇಲ್ಲದಲ್ಲಿಗೆ ಹೋಗುವುದಿಲ್ಲ. ಅವು ಕಾಲಿಡದಿದ್ದರೆ ಆ ಊರೇ ಇಲ್ಲವೆಂದು ಅರ್ಥ. ನಲ್ಲಿ ಬಂದ್, ಬಸ್ಸು ಬಂದ್, ಹೆಸರು ಹಿಡಿದು ಕರೆದರೆ ಓಗೊಡುವ ಹಕ್ಕೂ ಬಂದ್. ಎದುರಿಗೆ ನಿಂತು ಕೂಗಾಡಿದರೂ ಹಾಲಿನ ಗಾಡಿ ನಿಮ್ಮ ಮೂಲಕವೇ ಹಾದುಹೋಗಲು ನೋಡುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಶೋಧಪ್ಪನದು, ವಾದಿಸಿ ಪ್ರಯೋಜನವಿಲ್ಲ.

ಹಾಗಾಗಿ ನಮ್ಮ ದಿನಚರಿಯೆಲ್ಲ ಲಿಂಕಿನದೇ. ಪ್ರತಿ ಬಾಗಿಲ ಮೇಲೆ ‘ಬಂದದಾರಿ’ ಎಂಬ ಹಲಗೆ ಇರುತ್ತದೆ. ‘ಮುಖಪುಟ, ಅಡುಗೆಮನೆ, ನೆಲುವು, ಡಬ್ಬಿ’ ಎಂದು ಅದರಲ್ಲಿ ಬರೆದಿದ್ದರೆ ಜೇಡಕ್ಕೆ ತಾನೆಲ್ಲಿದ್ದೇನೆ ಎಂಬುದು ತಿಳಿಯುತ್ತದೆ, ರಾತ್ರಿ ಊಟ ಮಾಡದ ಮೊಮ್ಮಕ್ಕಳಿಗೆ ಉಂಡಿ ಎಲ್ಲಿದೆ ಎಂಬುದೂ ತಿಳಿಯುತ್ತದೆ. ಹೆಣ್ಣು ಕೊಡುವವರು ವರನ ಜಾತಕ ಕೇಳುವುದಿಲ್ಲ, “ಮುಖಪುಟದಿಂದ ಎಷ್ಟ್ ಹೆಜ್ಜಿ?” ಎಂದು ಕೇಳುತ್ತಾರೆ. ಮೂರಾದರೆ ಸಂಬಂಧ, ಐದಾದರೆ ಬರೀ ಚಹಾ ಕುಡಿದು ಎದ್ದು ಹೋಗುತ್ತಾರೆ. ಲಿಂಕಿನ ಮೇಲೆ ಯಾವ ಮಾತಿತ್ತೋ ಅದೇ ಊರಿನ ಹೆಸರು. ನಿಮ್ಮ ಕಾಲದ ಮಹಾನುಭಾವರು ಕಂಡಕಂಡಲ್ಲಿ ‘ಇಲ್ಲಿ ಒತ್ತಿ’ ಎಂದು ಬರೆದ ಪುಣ್ಯಕ್ಕೆ ನಮ್ಮ ಸುತ್ತಲಿನ ಒಂಬತ್ತು ಊರುಗಳ ಹೆಸರೂ ‘ಇಲ್ಲಿ ಒತ್ತಿ’. ಅಂಚೆಯವನು ಕೆಲಸ ಬಿಟ್ಟು ಮಠ ಸೇರಿದ. ಪಕ್ಕದೂರಿನ ಒಬ್ಬಾತ ಮೆರೆಯಲೆಂದು ತನ್ನ ಮನೆಗೆ ನಾನೂರು ಕಡೆಯಿಂದ ಬಾಣದ ಗುರುತು ಹಾಕಿಸಿದ. ಶೋಧಪ್ಪ ನಾನೂರನ್ನೂ ಒಂದೇ ಎಂದು ಎಣಿಸಿ, ಸಿಟ್ಟಿಗೆ ಅವನನ್ನು ಹುಡುಕಾಟದ ಪಟ್ಟಿಯ ಹತ್ತೊಂಬತ್ತನೆಯ ಪುಟಕ್ಕೆ ಹಾಕಿದ. ಅಲ್ಲಿಂದ ಯಾರೂ ಮರಳಿಲ್ಲ, ಕರೆತರಲು ಅಲ್ಲಿಯವರೆಗೆ ಯಾರೂ ಹೋಗುವುದಿಲ್ಲ.

ಈಗ ನಿಮ್ಮ ತಪ್ಪಿಗೆ ಬರುತ್ತೇನೆ. ನಿಮ್ಮ ಅತ್ತೆ ನಿಂಬವ್ವನವರು ಹುರಿದು, ಕುಟ್ಟಿ, ಡಬ್ಬಿಗೆ ತುಂಬುವ ಗುರೆಳ್ಳು ಚಟ್ನಿಯನ್ನು ನಾಲ್ಕು ಊರಿಗೆ ಮುಟ್ಟಿಸಬೇಕೆಂದು ನೀವು ‘ಬೆಣಕಲ್ ಚಟ್ನಿ ಮನೆ’ ಎಂಬ ವೆಬ್‌ಸೈಟು ಮಾಡುತ್ತಿದ್ದೀರಿ. ಒಳ್ಳೆಯ ಕೆಲಸ. ಆದರೆ ಮೇಲಿನ ಮೆನುವನ್ನು, ಅಂದರೆ ಒಳಪುಟಗಳಿಗೆ ದಾರಿ ತೋರುವ ಪಟ್ಟಿಯನ್ನು, ಹೇಗೆ ಬರೆದಿದ್ದೀರಿ, ಶಿವಲೀಲವ್ವ? ಲಗ್ನಪತ್ರಿಕೆಯ ಹಾಗೆ! ಮನೆಯ ಹಿರಿಯರೆಲ್ಲ ಕೂತು, ವಯಸ್ಸಿನ ಪ್ರಕಾರ ಹೆಸರು ಹಾಕಬೇಕು, ಒಬ್ಬರದು ಬಿಟ್ಟರೂ ಮುನಿಸು ಎಂದರು, ನೀವು ತಲೆಯಾಡಿಸಿದಿರಿ. ನಿಮ್ಮ ದೊಡ್ಡ ಮಾವ ಚನ್ನವೀರಪ್ಪನವರಿಂದ ಹಿಡಿದು ನಲವತ್ತಮೂರು ಹೆಸರು, ಒಂದೊಂದಕ್ಕೂ ಒಂದೊಂದು ಲಿಂಕು. ನಲವತ್ತನಾಲ್ಕನೆಯದು ‘ಹಾಗೂ ಬಂಧುಮಿತ್ರರು’. ಒತ್ತಿದರೆ ಎಲ್ಲಿಗೂ ಹೋಗುವುದಿಲ್ಲ. ಕೆಳಗೆ ಮಕ್ಕಳ ಹೆಸರಿನಲ್ಲಿ ‘ನಮ್ಮ ಅಜ್ಜಿಯ ಚಟ್ನಿ ತಪ್ಪದೇ ತಿನ್ರಿ’ ಎಂಬ ಸಾಲು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ಇಷ್ಟೆಲ್ಲ ಆದ ಮೇಲೆ, ಚಟ್ನಿಯ ಪುಟಕ್ಕೆ ಮಾತ್ರ ಮೆನುವಿನಲ್ಲಿ ಲಿಂಕೇ ಇಲ್ಲ.

ಇದರ ಫಲವನ್ನು ಕೇಳಿ. ಮೆನುವಿನಲ್ಲಿ ಮೊದಲು ಬಂದವರು ಮುಖ್ಯರು ಎಂದು ಶೋಧಪ್ಪ ತಿಳಿದ. ಚನ್ನವೀರಪ್ಪನವರು ಆಮ್ಲಪಿತ್ತದವರು, ಜೀವನದಲ್ಲಿ ಒಂದು ಚಿಟಿಕೆ ಚಟ್ನಿ ತಿಂದವರಲ್ಲ. ಅವರ ಹೆಸರಿನಲ್ಲಿ ಈಗ ದೊಡ್ಡ ನಗರವಿದೆ, ಎಂಟು ಸಾಲಿನ ರಸ್ತೆ ಇದೆ. ಅವರ ಪುಟದಲ್ಲಿ ನೀವು ‘ಈ ಪುಟ ತಯಾರಾಗುತ್ತಿದೆ’ ಎಂದಷ್ಟೇ ಬರೆದು ಬಿಟ್ಟಿದ್ದರಿಂದ ಆ ನಗರದಲ್ಲಿ ಇವತ್ತಿನವರೆಗೆ ಯಾವ ಕಟ್ಟಡವೂ ಮುಗಿದಿಲ್ಲ. ಮುಗಿಸುವುದು ಅಲ್ಲಿ ಕಾನೂನುಬಾಹಿರ. ಮೇಯರರ ಮನೆಗೆ ಮೂರನೆಯ ಗೋಡೆ ಬಂದಿದೆ ಎಂದು ಹೋದ ವರ್ಷ ದೊಡ್ಡ ಗಲಾಟೆಯೇ ಆಯಿತು.

ನಮ್ಮದು ನಿಂಬವ್ವನ ಪುಟ. ಮುನ್ನೂರು ಮನೆ. ಎಲ್ಲ ಮನೆಯಲ್ಲೂ ಒರಳಿದೆ, ಎಲ್ಲ ಒರಳೂ ಕೆಲಸದಲ್ಲಿದೆ. ಮೆನುವಿನಲ್ಲಿ ದಾರಿಯಿಲ್ಲದಿದ್ದರೂ ನಾವು ಇಷ್ಟು ಕಾಲ ಬದುಕಿದ್ದು ಗಜೇಂದ್ರಗಡದ ಒಬ್ಬ ಗಿರಾಕಿಯಿಂದ. ಚಟ್ನಿ ತಿಂದ ಖುಷಿಗೆ ಆಕೆ ತನ್ನ ಪುಟದಲ್ಲಿ ನಮ್ಮತ್ತ ಒಂದು ಲಿಂಕು ಕೊಟ್ಟಿದ್ದಳು. ಜೇಡಗಳು ಅದೇ ಕಾಲುದಾರಿಯಲ್ಲಿ ಬಂದು, ಚಟ್ನಿ ಮೂಸಿ, ಸೀನಿ, ನಾವಿದ್ದೇವೆ ಎಂದು ಬರೆದುಕೊಂಡು ಹೋಗುತ್ತಿದ್ದವು. ಹೋದ ತಿಂಗಳು ಆ ಪುಟ ಹಳತಾಗಿ ಅಳಿದುಹೋಯಿತು. ಈಗ ನಾವು ಅನಾಥ ಪುಟ. ಪುಟವಿದ್ದೂ ಯಾವ ಕಡೆಯಿಂದಲೂ ಲಿಂಕಿಲ್ಲದ್ದಕ್ಕೆ ಹಾಗೆನ್ನುತ್ತಾರೆ. ಹನ್ನೊಂದು ದಿನಕ್ಕೆ ಜೇಡಗಳು ಹೊರಡುತ್ತವೆ. ದಾರಿ ಸಿಗದಿದ್ದರೆ ಮುನ್ನೂರು ಮನೆಗಳೂ ಇಲ್ಲವಾಗುತ್ತವೆ. ನನಗೆ ಹೆದರಿಕೆಯಾಗಿದೆ. ತಮಾಷೆಯಾಗಿ ಬರೆಯುತ್ತಿರುವುದು ಅದಕ್ಕೇ. ಹಳೆಯ ಮೆನುವನ್ನು ತಿದ್ದುವ ಅಧಿಕಾರ ಅದನ್ನು ಬರೆದವರಿಗೆ ಮಾತ್ರ, ಆದ್ದರಿಂದ ನಿಮ್ಮ ಕಾಲು ಹಿಡಿಯುತ್ತಿದ್ದೇನೆ.

ಇವತ್ತು ಮಧ್ಯಾಹ್ನ ಊಟವಾದ ಮೇಲೆ ಕೂತು ಮೆನುವನ್ನು ಆರೇಳು ಲಿಂಕಿಗೆ ಇಳಿಸಿ. ಹಿರಿಯರನ್ನೆಲ್ಲ ‘ನಮ್ಮ ಹಿರಿಯರು’ ಎಂಬ ಒಂದೇ ಪುಟದಲ್ಲಿ ಕೂರಿಸಿ. ಚನ್ನವೀರಪ್ಪನವರ ರುಮಾಲು ಸುತ್ತಿದ ಫೋಟೋ ಎಲ್ಲರಿಗಿಂತ ದೊಡ್ಡದಾಗಿ ಹಾಕಿದರೆ ಅವರು ಮುನಿಯುವುದಿಲ್ಲ, ಬಂದವರಿಗೆಲ್ಲ ತಾವೇ ತೋರಿಸುತ್ತಾರೆ. ಮುಖಪುಟದ ಪಕ್ಕದಲ್ಲೇ ‘ನಿಂಬವ್ವನ ಗುರೆಳ್ಳು ಚಟ್ನಿ’ ಎಂದು ನೇರವಾಗಿ ಬರೆದು ಲಿಂಕು ಕೊಡಿ. ಚಿತ್ರದೊಳಗೆ ಅಕ್ಷರ ಬರೆಯಬೇಡಿ, ಜೇಡಕ್ಕೆ ಕಣ್ಣು ಮಂದ. ಮುಟ್ಟಿದರೆ ಮಾತ್ರ ಬಿಚ್ಚಿಕೊಳ್ಳುವ ಪಟ್ಟಿಯೊಳಗೆ ಮುಚ್ಚಿಡಬೇಡಿ, ಅದಕ್ಕೆ ಮುಟ್ಟಲು ಬೆರಳಿಲ್ಲ. ‘ಇಲ್ಲಿ ಒತ್ತಿ’ ಎಂದು ಬರೆದಿರೋ, ಹತ್ತನೆಯ ಊರಾಗುವುದಕ್ಕಿಂತ ನಾವು ಅಳಿದುಹೋಗುವುದೇ ಮೇಲು.

ಆದರೆ ನಿಮಗೆ ನಿಜವಾದ ಅಡ್ಡಿ ಹಿರಿಯರಲ್ಲ ಎಂಬುದು ನನಗೆ ಗೊತ್ತು. ಚಟ್ನಿಯ ಪುಟದ ಒಳಗೆ, ಓದುಗರ ಕಣ್ಣಿಗೆ ಬೀಳದ ಜಾಗದಲ್ಲಿ ನೀವು ನಿಮ್ಮ ನೆನಪಿಗೆಂದು ಬರೆದ ಟಿಪ್ಪಣಿಯನ್ನು ಓದಿದ್ದೇನೆ. ‘ಅತ್ತಿ ಬ್ಯಾಡ ಅಂದ್ರು. ನಂದ್ಯಾಕ ಬೇಕವ್ವ, ಹಿರ್ಯಾರದು ಹಾಕು, ಅಷ್ಟ್ ಸಾಕು ಅಂದ್ರು. ಲಿಂಕ್ ತಗದೀನಿ.’ ಇಷ್ಟೇ ಇರುವುದು. ಓದಿದ ದಿನ ಊಟ ಸೇರಲಿಲ್ಲ. ನಮ್ಮ ಊರು ಅಳಿಯುವುದು ಯಾವ ಯಂತ್ರದಿಂದಲೂ ಅಲ್ಲ, ನಿಂಬವ್ವ ತಮಗೆ ಜಾಗ ಬೇಡವೆಂದದ್ದರಿಂದ ಮತ್ತು ನೀವು ಆ ಮಾತನ್ನು ಒಪ್ಪಿಕೊಂಡದ್ದರಿಂದ.

ಇವತ್ತು ಒಪ್ಪಿಕೊಳ್ಳಬೇಡಿ. ಅಡುಗೆಮನೆಗೆ ಹೋಗಿ, ಒರಳಿನ ಪಕ್ಕ ಕೂತು ಇನ್ನೊಮ್ಮೆ ಕೇಳಿ. ಅವರು ಕೈ ಒರೆಸಿಕೊಳ್ಳುತ್ತ, “ಹುಚ್ಚಿ, ನನ್ನ ಯಾರ್ ಹುಡುಕ್ತಾರ ಬಿಡು” ಎನ್ನುತ್ತಾರೆ. ನಾವು ಹುಡುಕುತ್ತಿದ್ದೇವೆ ಎಂದು ಹೇಳಿ, ತಾಯೀ. ಮುನ್ನೂರು ಮನೆಯವರು ಬಾಗಿಲು ತೆರೆದಿಟ್ಟು ಹುಡುಕುತ್ತಿದ್ದೇವೆ.

ನಿಮ್ಮ ಮಗುವಾದ
ಗುರುಪಾದಪ್ಪ ಬೆಣಕಲ್